ಆಟ ಮುಗಿದ ಮೇಲಾದರೂ ಲೈಟ್ ಆರಿಸಿ

ಸಂಪಾದಕರೇ,

ದಾವಣಗೆರೆಯ ನಮ್ಮ ಬಡಾವಣೆಯ ಪಾರ್ಕಿಗೆ ಅಂಟಿಕೊಂಡಿರುವ ಮೈದಾನಕ್ಕೆ ಈ ಬೇಸಿಗೆಗೆ ಮುಂಚೆ ನಾಲ್ಕು ದೊಡ್ಡ ಲೈಟ್ ಕಂಬ ಹಾಕಿದರು. ಹುಡುಗರಿಗೆ ಖುಷಿ, ನನಗೂ ಖುಷಿಯೇ. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಆಡಬೇಕೆಂದರೆ ರಾತ್ರಿಯೇ ಆಡಬೇಕು, ಅಲ್ವಾ? ಆದರೆ ಒಂಬತ್ತೂವರೆಗೆ ಎಲ್ಲರೂ ಬ್ಯಾಟು ಬಾಲು ಎತ್ತಿಕೊಂಡು ಮನೆಗೆ ಹೋದ ಮೇಲೂ ಲೈಟು ಉರಿಯುತ್ತಲೇ ಇರುತ್ತದೆ, ಎಷ್ಟೋ ದಿನ ಬೆಳಗಿನ ತನಕ. ಸ್ವಿಚ್ ಬಾಕ್ಸಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಒಂದು ಕಂಬದ ಬೆಳಕಂತೂ ಮೈದಾನಕ್ಕಿಂತ ಜಾಸ್ತಿ ಪಾರ್ಕಿನ ಆಲದ ಮರದ ಮೇಲೇ ಬೀಳುತ್ತದೆ. ಸಂಜೆ ಆ ಮರಕ್ಕೆ ಬಂದು ಕೂರುವ ಗೊರವಂಕಗಳು ಮೊದಲೆಲ್ಲ ಕತ್ತಲಾಗುತ್ತಲೇ ತಣ್ಣಗಾಗುತ್ತಿದ್ದವು, ಈಗ ರಾತ್ರಿ ಹನ್ನೊಂದಕ್ಕೂ ಕೊಂಬೆ ಬದಲಿಸುತ್ತಾ ಕಿರುಚುತ್ತಿರುತ್ತವೆ. ಪೊಟರೆಯಲ್ಲಿ ಒಂದು ಜೋಡಿ ಹಾಲಕ್ಕಿ ಇತ್ತು. ಬುಡಬುಡಿಕೆಯವರು "ಹಾಲಕ್ಕಿ ನುಡಿತೈತೆ" ಅನ್ನುತ್ತಾರಲ್ಲ, ಅದೇ ಸಣ್ಣ ಗೂಬೆ. ಎರಡು ತಿಂಗಳಿಂದ ಅದರ ದನಿ ಕೇಳಿಲ್ಲ. ಆಲದ ಹಣ್ಣಿಗೆ ಬರುವ ದೊಡ್ಡ ಬಾವಲಿಗಳು ಈ ಸಲ ಮರದ ಹಿಂದಿನ ಕತ್ತಲ ಕಡೆಗೆ ಮಾತ್ರ ಬಂದವು. ಹಣ್ಣು ತಿನ್ನುವ ಕೆಲವು ಬಾವಲಿಗಳು ಬೆಳಕಿಗೆ ಅಂಜುತ್ತವೆ, ಆಲ ಅತ್ತಿಯ ಬೀಜವನ್ನು ದೂರ ದೂರ ಹರಡುವವರಲ್ಲಿ ಅವೂ ಇವೆ.

ನನಗೆ ನಿಜಕ್ಕೂ ಸಂಕಟವಾಗಿದ್ದು ಮೊದಲ ಮಳೆಯ ಮರುದಿನ. ಕಂಬದ ಬುಡದಲ್ಲಿ ಪತಂಗ, ರೆಕ್ಕೆಯ ಗೆದ್ದಲು, ಜೀರುಂಡೆ, ಪೊರಕೆಯಲ್ಲಿ ಗುಡಿಸಿ ಎತ್ತುವಷ್ಟು. ಹುಳುಗಳಿಗೆ ಬೆಳಕೆಂದರೆ ಆಸೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಹಾಗಲ್ಲವಂತೆ. ರಾತ್ರಿ ಆಕಾಶ ನೆಲಕ್ಕಿಂತ ತುಸು ಬೆಳ್ಳಗಿರುತ್ತದೆ, ಅದಕ್ಕೆ ಬೆನ್ನು ಕೊಟ್ಟು ಹಾರಿದರೆ ಅವಕ್ಕೆ ಮೇಲೆ ಯಾವುದು ಕೆಳಗೆ ಯಾವುದು ಅಂತ ತಿಳಿಯುತ್ತದೆ. ಕಂಬದ ಲೈಟಿಗೂ ಹಾಗೇ ಬೆನ್ನು ಕೊಡುತ್ತವೆ, ದಾರಿ ತಪ್ಪಿ ಸುತ್ತಿ ಸುತ್ತಿ ಬೀಳುತ್ತವೆ. 2024ರಲ್ಲಿ ವಿಜ್ಞಾನಿಗಳು ವೇಗದ ಕ್ಯಾಮೆರಾದಲ್ಲಿ ಇದನ್ನು ಸೆರೆಹಿಡಿದು ತೋರಿಸಿದ್ದಾರೆ. ಬೆಳಕನ್ನು ಅಳೆಯುವುದು ಲಕ್ಸ್ ಲೆಕ್ಕದಲ್ಲಿ, ಹುಣ್ಣಿಮೆ ಬೆಳಕು ಹೆಚ್ಚೆಂದರೆ 0.3 ಲಕ್ಸ್. ಆಟದ ಲೈಟು ನೂರಾರು ಲಕ್ಸ್!

ಕಂಬ ಕೀಳಿ ಅನ್ನುತ್ತಿಲ್ಲ. ಒಂದು ಟೈಮರ್ ಹಾಕಿ, ಹತ್ತಕ್ಕೆ ತಾನೇ ಆರಲಿ. ಬೆಳಕು ಪಕ್ಕಕ್ಕೆ ಚೆಲ್ಲದ ಹಾಗೆ ಲೈಟಿಗೆ ಮರೆ ಕಟ್ಟಿ, ಮುಖ ಕೆಳಕ್ಕೆ ಬಗ್ಗಿಸಿ. ನೀಲಿ ಛಾಯೆಯ ಬಿಳಿ ಎಲ್‌ಇಡಿಗೆ ಹುಳು ಜಾಸ್ತಿ ಬರುತ್ತವೆ, ಮುಂದಿನ ಸಲ ಬದಲಿಸುವಾಗ ಹಳದಿ ಬೆಳಕಿನದು ತನ್ನಿ. ನಾಳೆ ಕುಂದವಾಡ ಕೆರೆಯಂಥ ನೀರುಹಕ್ಕಿಗಳಿರುವ ಕಡೆ ಇಂಥ ಲೈಟಿನ ಮಾತು ಬಂದರೂ ಇದನ್ನೆಲ್ಲ ಮೊದಲೇ ಕೇಳಬೇಕು.

ಸದ್ಯಕ್ಕೆ ಆಲದ ಮರದ ಕಡೆಯ ಆ ಒಂದು ಕಂಬದ ಲೈಟನ್ನು ತಿರುಗಿಸಿದರೂ ಸಾಕು. ಬೀದಿದೀಪ ರಿಪೇರಿಯ ಗಾಡಿ ವಾರಕ್ಕೊಮ್ಮೆ ನಮ್ಮ ರಸ್ತೆಗೆ ಬರುತ್ತದೆ, ಬಂದಾಗ ಹೇಳಿ, ಮರ ತೋರಿಸಲು ನಾನೇ ಬರುತ್ತೇನೆ.

ಇಂತಿ,
ಪಾರ್ಕಿನ ಎದುರು ಮನೆಯವರು, ದಾವಣಗೆರೆ