ಗೇಟ್ ರಿಜಿಸ್ಟರ್ ತಂತ್ರಾಂಶದ ಪರವಾನಗಿ ಬದಲಾವಣೆ: ಗ್ರಂಥಪಾಲಕರಿಗೆ ಪತ್ರ

ಮಾನ್ಯ ಗ್ರಂಥಪಾಲಕರೇ,

ನಮಸ್ಕಾರ. ನಿಮ್ಮಲ್ಲಿ ಗ್ರಂಥಾಲಯ ನಿರ್ವಹಣೆಯ ಕೊಹಾ ತಂತ್ರಾಂಶದ ಜೊತೆಗೆ ನಾವು ಹಾಕಿಕೊಟ್ಟಿರುವ, ಓದುಗರು ಬಂದುಹೋದದ್ದನ್ನು ದಾಖಲಿಸುವ ಗೇಟ್ ರಿಜಿಸ್ಟರ್ ತಂತ್ರಾಂಶ, ಮುಂದಿನ ತಿಂಗಳ ಆವೃತ್ತಿಯಿಂದ ಎಂಐಟಿ ಪರವಾನಗಿ ಬಿಟ್ಟು ಎಜಿಪಿಎಲ್ 3 ಎಂಬ ಪರವಾನಗಿಯ ಅಡಿ ಬರಲಿದೆ. ವಾರ್ಷಿಕ ನಿರ್ವಹಣೆಯ (ಎಎಂಸಿ) ದರ ಏರುವುದಿಲ್ಲ. ಫೋನ್ ಮಾಡಿದವರೆಲ್ಲ ಮೊದಲು ಕೇಳಿದ್ದು ಅದನ್ನೇ!

ಎಂಐಟಿ ಬಲು ಉದಾರಿ. ಕೋಡನ್ನು ಯಾರು ಬೇಕಾದರೂ ತಿದ್ದಬಹುದು, ಮಾರಬಹುದು. ಪ್ರತಿ ಕೊಡುವಾಗ ಹಕ್ಕುಸ್ವಾಮ್ಯದ ಸಾಲು, ಪರವಾನಗಿಯ ಪಠ್ಯ ಉಳಿಸಿದರಾಯಿತು. ಈಚೆಗೆ ಒಬ್ಬರು ನಮ್ಮ ಕೋಡನ್ನೇ ತಮ್ಮ ಸರ್ವರ್‌ನಲ್ಲಿಟ್ಟು, ಬಣ್ಣ ಬದಲಿಸಿ, ಕಾಲೇಜುಗಳಿಗೆ ವರ್ಷದ ಬಾಡಿಗೆಗೆ ಕೊಡುತ್ತಿದ್ದಾರೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡಕ್ಕೆ ತೋರಿಸಲೆಂದು ನಾವು ಮಾಡಿದ ದಿನವಹಿ ಓದುಗರ ವರದಿಯೂ ಕೊನೆಯ ‘ಷರಾ’ ಕಾಲಂ ಸಮೇತ ಅಲ್ಲಿದೆ. ಅವರು ಪ್ರತಿಯನ್ನು ಯಾರ ಕೈಗೂ ಕೊಡುವುದಿಲ್ಲ, ಜಾಲದಲ್ಲಿ ಬಳಸಲು ಬಿಡುತ್ತಾರೆ ಅಷ್ಟೇ. ಹಾಗಾಗಿ ಎಂಐಟಿ ಅವರನ್ನು ಏನೂ ಕೇಳುವುದಿಲ್ಲ.

ಪ್ರತಿ ಕೊಡುವವರು ಮೂಲ ಕೋಡನ್ನೂ ಕೊಡಬೇಕೆನ್ನುವ ಜಿಪಿಎಲ್ ಪರವಾನಗಿ ಕೂಡ ಇಂಥ ಕಡೆ ಸುಮ್ಮನಿರುತ್ತದೆ. ನ್ಯೂಜಿಲೆಂಡ್‌ನ ಹೊರೊವೆನುವಾ ಗ್ರಂಥಾಲಯಗಳಿಗಾಗಿ 1999ರಲ್ಲಿ ಬರೆಯತೊಡಗಿದ ಕೊಹಾ ಜಿಪಿಎಲ್‌ನದ್ದೇ. 2009ರಲ್ಲಿ ಅಮೆರಿಕದ ಕಂಪನಿಯೊಂದು ತನ್ನ ಗ್ರಾಹಕರಿಗೆ ಬೇರೆಯೇ ಆವೃತ್ತಿ ನಡೆಸಹೊರಟಾಗ ಇದೇ ತಕರಾರು ಎದ್ದಿತ್ತು. 2007ರಲ್ಲಿ ಬಂದ ಎಜಿಪಿಎಲ್‌ನ 13ನೇ ಕಲಮು ಈ ಕಿಂಡಿ ಮುಚ್ಚುತ್ತದೆ: ತಿದ್ದಿದ ತಂತ್ರಾಂಶವನ್ನು ಜಾಲದಲ್ಲಿ ಬಳಸುವವರಿಗೆ ಅದರ ಮೂಲ ಕೋಡೂ ಸಿಗಬೇಕು.

ಕೊಟ್ಟದ್ದನ್ನು ಹಾಗೆಯೇ ಬಳಸುವವರು ಏನೂ ಮಾಡಬೇಕಿಲ್ಲ. ಹಾಸ್ಟೆಲ್ ಕಾಲಂ, ವಿಭಾಗವಾರು ಪಟ್ಟಿ ಅಂತ ಕೋಡ್ ತಿದ್ದಿಕೊಂಡವರು ಮಾತ್ರ ಪುಟದ ಕೆಳಗಿನ ‘ಮೂಲ ಕೋಡ್’ ಲಿಂಕ್ ಒತ್ತಿದರೆ ನಿಮ್ಮ ತಿದ್ದುಪಡಿಯೂ ಸಿಗುವಂತೆ ನೋಡಿಕೊಳ್ಳಬೇಕು. ವಿದ್ಯಾರ್ಥಿಗಳ ಹೆಸರು, ಬಾರ್‌ಕೋಡ್, ಬಂದುಹೋದ ಹೊತ್ತು ಇವೆಲ್ಲ ನಿಮ್ಮ ದತ್ತಾಂಶ, ಕೋಡ್ ಅಲ್ಲ, ಯಾರಿಗೂ ಕೊಡಬೇಕಿಲ್ಲ. ಡೇಟಾಬೇಸ್ ಪಾಸ್‌ವರ್ಡ್ ಮಾತ್ರ ಪ್ರತ್ಯೇಕ ಫೈಲ್‌ನಲ್ಲೇ ಇರಲಿ, ದಯವಿಟ್ಟು ಕೋಡ್ ಒಳಗೆ ಬರೆಯಬೇಡಿ.

ಹಳೆಯ ಆವೃತ್ತಿಗಳಿಗೆ ಕೊಟ್ಟ ಎಂಐಟಿ ಅನುಮತಿಯನ್ನು ವಾಪಸು ಪಡೆಯುತ್ತಿಲ್ಲ. ಮೇಲೆ ಹೇಳಿದವರೂ ಅದನ್ನೇ ನಡೆಸಿಕೊಂಡು ಹೋಗಬಹುದು. ನಿಮ್ಮಲ್ಲಿ ಕೆಲವರು ಬರೆದುಕೊಟ್ಟ ಭಾಗಗಳಲ್ಲಿ ನಿಮ್ಮ ಹೆಸರು ಹಾಗೇ ಉಳಿಯುತ್ತದೆ. ಹೊಸದನ್ನು ಯಾರಾದರೂ ಷರತ್ತು ಮುರಿದು ಬಳಸಿದರೆ ಮೊದಲು ಪತ್ರ ಬರೆಯುತ್ತೇವೆ. ಮೊದಲ ಸಲ ತಪ್ಪಿದವರು ನೋಟಿಸ್ ತಲುಪಿದ 30 ದಿನದೊಳಗೆ ಸರಿಪಡಿಸಿದರೆ ಅವರ ಹಕ್ಕು ಮರಳುತ್ತದೆ ಎಂದು ಪರವಾನಗಿಯೇ ಹೇಳುತ್ತದೆ. ಅದಕ್ಕೂ ಜಗ್ಗದಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆ ಇದ್ದೇ ಇದೆ. ಅದರಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ.

ಕೋಡ್ ತಿದ್ದಿಕೊಂಡಿರುವವರು ಅಪ್‌ಡೇಟ್‌ಗೆ ಮುಂಚೆ ಒಂದು ಮಾತು ತಿಳಿಸಿ. ಲಿಂಕ್ ನಾವೇ ಸರಿಮಾಡಿಕೊಡುತ್ತೇವೆ, ಅದಕ್ಕೆ ಬೇರೆ ಶುಲ್ಕವಿಲ್ಲ.

ಇಂತಿ ನಿಮ್ಮ ವಿಶ್ವಾಸಿಗಳು,
ತಂತ್ರಾಂಶ ವಿಭಾಗ