ಮಗಳಿಗೊಂದು ಪತ್ರ: ಎರಡನೇ ಪುಟದ ‘ಅಥವಾ’

ಪುಟ್ಟೀ,

ಅಮೆರಿಕ ಸೇನೆಯ ಕ್ಯಾಂಪಿನಲ್ಲಿ ಎಲೆಕ್ಟ್ರಿಕಲ್ ಕೆಲಸಕ್ಕೆ ಅಂತ ನಿನಗೆ ಬಂದ ಆಫರ್ ಲೆಟರ್ ಎರಡು ಸಲ ಓದಿದೆ. ಸಂಬಳದ ಸಾಲಿನ ಮೇಲೆ ನೀನು ಗೆರೆ ಎಳೆದಿದ್ದೀಯ. ಗೆರೆ ಎಳೆಯಬೇಕಾದ್ದು ಎರಡನೇ ಪುಟದಲ್ಲಿದೆ: ‘ಕೆಲಸದ ಸ್ಥಳ: ಕುವೈತ್, ಅಥವಾ ಕ್ಲೈಂಟ್ ಸೂಚಿಸುವ ಬೇರೆ ಯಾವುದೇ ಜಾಗ’. ಆ ‘ಅಥವಾ’ದಿಂದಾಚೆಗಿನದ್ದನ್ನು ಹೊಡೆದುಹಾಕಿಸಿ, ಕ್ಯಾಂಪಿನ ಹೆಸರು ಬರೆಸಿಕೊಳ್ಳದೆ ಸಹಿ ಹಾಕಬೇಡ. 2004ರ ಆಗಸ್ಟಿನಲ್ಲಿ ಇರಾಕಿನಲ್ಲಿ ಉಗ್ರರು ಕೊಂದ 12 ಮಂದಿ ನೇಪಾಳಿಗಳಲ್ಲಿ ಹಲವರು ಜೋರ್ಡಾನಿನಲ್ಲಿ ಕೆಲಸ ಅಂತಲೇ ಮನೆ ಬಿಟ್ಟವರು. ಅವರನ್ನು ಒಯ್ಯುತ್ತಿದ್ದದ್ದು ಇರಾಕಿನ ಅಲ್ ಅಸದ್ ವಾಯುನೆಲೆಗೆ.

ಇನ್ನು ನಿನ್ನ ಧಣಿ ಯಾರು ಅನ್ನುವುದು. ಅಮೆರಿಕದ ಭೂಸೇನೆ ಅಡುಗೆ, ಲಾಂಡ್ರಿ, ನೀರು, ಕರೆಂಟು, ಕಸ ಎಲ್ಲವನ್ನೂ ಗುತ್ತಿಗೆಗೆ ಕೊಡಲು 1985ರಲ್ಲಿ ಲಾಗ್‌ಕ್ಯಾಪ್ ಎಂಬ ಏರ್ಪಾಡು ಮಾಡಿಕೊಂಡಿತು. ಮೇಲೆ ಸೇನೆಯಿಂದ ನೇರ ಗುತ್ತಿಗೆ ಹಿಡಿದ ಪ್ರೈಮ್ ಕಂಪನಿ, ಅದರಡಿ ಉಪಗುತ್ತಿಗೆಯ ಸಬ್, ಸಬ್ಬಿನಡಿ ಇನ್ನೊಂದು ಸಬ್, ಕೊನೆಗೆ ಊರಿನ ಏಜೆಂಟ್. ನಮ್ಮವರು ಅಲ್ಲಿ ‘ಟಿಸಿಎನ್’, ಅಂದರೆ ಅಮೆರಿಕದವರೂ ಅಲ್ಲದ, ಸ್ಥಳೀಯರೂ ಅಲ್ಲದ ಮೂರನೇ ದೇಶದವರು. ಏಜೆಂಟನಿಗೆ ಎರಡೇ ಪ್ರಶ್ನೆ ಕೇಳು: ಪ್ರೈಮ್ ಯಾರು, ಗುತ್ತಿಗೆಯ ಸಂಖ್ಯೆ ಎಷ್ಟು? ತಡವರಿಸಿದರೆ ಅವನ ಕೈಯಲ್ಲಿ ಇನ್ನೂ ಕೆಲಸವಿಲ್ಲ, ಬರೀ ಬಯೋಡೇಟಾ ಗುಡ್ಡೆ ಹಾಕುತ್ತಿದ್ದಾನೆ ಅಂದುಕೋ.

ಅವನು ಕೇಳುವ ದುಡ್ಡಿನ ವಿಷಯ. ನಮ್ಮ ಕಾನೂನಿನ ಪ್ರಕಾರ ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಜಿಎಸ್‌ಟಿವರೆಗೆ ತೆಗೆದುಕೊಳ್ಳಬಹುದು. ಆದರೆ ಅಮೆರಿಕ ಸರ್ಕಾರದ ಗುತ್ತಿಗೆಗಳಲ್ಲಿ ಮಾನವ ಸಾಗಣೆ ತಡೆಯ ಷರತ್ತು ಇರುತ್ತದೆ. ಅದರಡಿ ಕೆಲಸಗಾರರಿಂದ ನೇಮಕಾತಿ ಶುಲ್ಕ ಒಂದು ರೂಪಾಯಿಯನ್ನೂ ಎತ್ತುವಂತಿಲ್ಲ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವಂತಿಲ್ಲ. ಹಾಗಾಗಿ ‘30,000 ಮಾತ್ರ ಮೇಡಂ’ ಅನ್ನುವವನೂ ಅಲ್ಲಿನ ಷರತ್ತು ಮುರಿದಂತೆಯೇ. ನೀನು ಹತ್ತನೇ ಕ್ಲಾಸ್ ಪಾಸಾದ್ದರಿಂದ ನಿನಗೆ ವಲಸೆ ತಪಾಸಣೆಯಿಲ್ಲ. ತಡೆಯುವವರಿಲ್ಲ ಅಂದರೆ ನೋಡುವವರೂ ಇಲ್ಲ ಎಂದೇ ಅರ್ಥ. ನಮ್ಮ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಏಜೆಂಟನ ಲೈಸೆನ್ಸ್ ಸಂಖ್ಯೆ ಹಾಕಿ ನೋಡು.

ವಿಮೆಯನ್ನು ಮಾತ್ರ ಅರ್ಧಂಬರ್ಧ ಓದಬೇಡ. ವಿದೇಶದ ನೆಲೆಗಳ ಗುತ್ತಿಗೆ ಕೆಲಸಗಾರರಿಗೆ ವಿಮೆ ಮಾಡಿಸಲೇಬೇಕೆನ್ನುವ ಅಮೆರಿಕದ ಕಾಯ್ದೆ, 1941ರ ಡಿಫೆನ್ಸ್ ಬೇಸ್ ಆ್ಯಕ್ಟ್, ಯಾವ ದೇಶದ ಪೌರರಿಗೂ, ಎಷ್ಟನೇ ಹಂತದ ಸಬ್‌ ಕಂಪನಿಯವರಿಗೂ ಅನ್ವಯಿಸುತ್ತದೆ. ಗಾಯವಾಗಿ ಕೆಲಸಕ್ಕೆ ಹೋಗಲಾಗದಿದ್ದರೆ ಸರಾಸರಿ ವಾರದ ಸಂಬಳದ ಮೂರನೇ ಎರಡು ಪಾಲು, ಜೊತೆಗೆ ಆಸ್ಪತ್ರೆ ಖರ್ಚು. 30 ದಿನದೊಳಗೆ ಎಲ್‌ಎಸ್-201 ಫಾರಂನಲ್ಲಿ ಲಿಖಿತವಾಗಿ ತಿಳಿಸಬೇಕು, ಒಂದು ವರ್ಷದೊಳಗೆ ಎಲ್‌ಎಸ್-203ರಲ್ಲಿ ಕ್ಲೇಮ್ ಹಾಕಬೇಕು. ಎಡವಟ್ಟು ಆಗುವುದು ಇಲ್ಲೇ. ಗಾಯಾಳುವನ್ನು ‘ಊರಿಗೆ ಹೋಗಿ ವಿಶ್ರಾಂತಿ ತಗೋ’ ಅಂತ ವಿಮಾನ ಹತ್ತಿಸುತ್ತಾರೆ, ಕೈಯಲ್ಲಿ ಕ್ಯಾಂಪ್ ಕ್ಲಿನಿಕ್ಕಿನ ಚೀಟಿಯೂ ಇರುವುದಿಲ್ಲ, ಗಡುವು ಊರಲ್ಲೇ ಕಳೆದುಹೋಗುತ್ತದೆ. ಹೊರಡುವ ಮುಂಚೆಯೇ ವಿಮಾ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ ಇಸಿದುಕೊಂಡು ನನಗೆ ಕಳಿಸು. ಆ ನೇಪಾಳಿ ಕುಟುಂಬಗಳಿಗೆ 2008ರಲ್ಲಿ ಪರಿಹಾರದ ಆದೇಶ ಸಿಕ್ಕಿದ್ದು ಇದೇ ಕಾಯ್ದೆಯಡಿ.

ಸಂಬಳವನ್ನು ಗಂಟೆಗೆ ಭಾಗಿಸಿ ನೋಡು. ದಿನಕ್ಕೆ 12 ಗಂಟೆ, ವಾರಕ್ಕೆ ಏಳು ದಿನ ಅಂದರೆ ತಿಂಗಳಿಗೆ 360 ಗಂಟೆ. 1,200 ಡಾಲರ್ ಕೇಳಲು ದೊಡ್ಡದು, ಗಂಟೆಗೆ ಬಂದರೆ ಮೂರೂಕಾಲು ಡಾಲರ್ ಚಿಲ್ಲರೆ. ಓವರ್‌ಟೈಂ ಇದರಲ್ಲೇ ಸೇರಿದೆಯಾ ಅಂತ ಕೇಳು. ಸೇನೆಯ ಕಡೆಯಿಂದ ಸಿಗುವ ಎಲ್‌ಒಎ ಅನ್ನುವ ಅನುಮತಿ ಪತ್ರದಲ್ಲಿ ಊಟ, ವಸತಿ, ಸೇನಾ ವಿಮಾನ, ತುರ್ತು ಚಿಕಿತ್ಸೆ ಹೀಗೆ ಚೌಕಗಳಿರುತ್ತವೆ. ಟಿಕ್ ಬೀಳದ ಸೌಲಭ್ಯ ಗೇಟಿನಲ್ಲಿ ಯಾರೂ ಕೊಡುವುದಿಲ್ಲ, ಅತ್ತರೂ ಇಲ್ಲ. ವಾಪಸ್ ಟಿಕೆಟ್ ಯಾರದ್ದು ಅನ್ನುವುದೂ ಬರಹದಲ್ಲಿರಲಿ. ಸೇನೆ ಬೇಕೆಂದಾಗ ಗುತ್ತಿಗೆ ಮುಗಿಸಬಹುದು. 2021ರ ಆಗಸ್ಟಿನಲ್ಲಿ ಕಾಬೂಲಿನಿಂದ ಮಂಗಳೂರು, ಉಡುಪಿ ಕಡೆಯವರು ಹೇಗೆ ಎದ್ದುಬಿದ್ದು ಬಂದರೆಂದು ಪತ್ರಿಕೆಗಳಲ್ಲೇ ಓದಿದ್ದೀಯ.

ಕೆಲಸದ ಮಾತಿಗೆ ಬರೋಣ, ಎಲೆಕ್ಟ್ರಿಕಲ್ ಓದಿದವಳಿಗೆ ಇದು ಬೇಗ ಹತ್ತುತ್ತದೆ. ಕ್ಯಾಂಪಿನಲ್ಲಿ 230 ವೋಲ್ಟ್, 50 ಹರ್ಟ್ಸ್ ಸಾಮಾನಿನ ಪಕ್ಕದಲ್ಲೇ 120 ವೋಲ್ಟ್, 60 ಹರ್ಟ್ಸ್ ಸಾಮಾನು ಇರುತ್ತದೆ. ಮಲಗುವ ಕೋಣೆ, ಸ್ನಾನದ ಕೋಣೆ ಎರಡೂ ಕಬ್ಬಿಣದ ಡಬ್ಬಗಳು. ಅರ್ತಿಂಗ್ ಕೈಕೊಟ್ಟು ಎಲ್ಲೋ ಒಂದು ಫೇಸ್ ವೈರಿನ ಸಿಪ್ಪೆ ಸುಲಿದರೆ ಇಡೀ ಗೋಡೆಯೇ ಲೈವ್. 2008ರ ಜನವರಿಯಲ್ಲಿ ಬಾಗ್ದಾದಿನ ನೆಲೆಯೊಂದರಲ್ಲಿ ಅಮೆರಿಕದ ಸೈನಿಕನೊಬ್ಬ ಸ್ನಾನ ಮಾಡುವಾಗಲೇ ಶಾಕ್ ಹೊಡೆದು ಸತ್ತ, ನೀರಿನ ಪಂಪಿಗೆ ಅರ್ತಿಂಗ್ ಇರಲಿಲ್ಲ. ಒಣ ಮರಳಲ್ಲಿ ಒಂದು ರಾಡ್ ಹೊಡೆದು ಕೈತೊಳೆದುಕೊಂಡರೆ ಆಗದು. ರಾಡಿಗೂ ನೆಲಕ್ಕೂ ನಡುವಿನ ರೋಧ 25 ಓಮ್ ದಾಟಿದರೆ ಇನ್ನೊಂದು ಹೊಡೆಸು. ನ್ಯೂಟ್ರಲ್ ಮತ್ತು ಅರ್ತ್ ಸೇರಬೇಕಾದ್ದು ಮುಖ್ಯ ಪ್ಯಾನಲ್ ಒಂದರಲ್ಲೇ. ಪ್ರತಿ ಸಬ್ ಪ್ಯಾನಲ್‌ನಲ್ಲೂ ಸೇರಿಸಿಟ್ಟ ಮಹಾನುಭಾವರು ಸಿಗುತ್ತಾರೆ, ಆಗ ವಾಪಸ್ ಕರೆಂಟು ಕಬ್ಬಿಣದ ಮೈಮೇಲೇ ಹರಿಯುತ್ತದೆ. ಜನರೇಟರ್ ಸೈಲೆನ್ಸರಿನಿಂದ ಕಪ್ಪು ಎಣ್ಣೆ ತೊಟ್ಟಿಕ್ಕಿದರೆ ಎಂಜಿನ್ ಬಿಚ್ಚಲು ಹೋಗಬೇಡ, ಮೊದಲು ಲೋಡ್ ನೋಡು. ಸಾಮರ್ಥ್ಯದ 30%ಕ್ಕಿಂತ ಕೆಳಗೆ ತಿಂಗಳುಗಟ್ಟಲೆ ಓಡಿಸಿದ್ದರೆ ಡೀಸೆಲ್ ಪೂರ್ತಿ ಉರಿಯದೆ ಹಾಗಾಗುತ್ತದೆ. ಲೋಡ್ ಬ್ಯಾಂಕ್ ಅನ್ನುವ ಕೃತಕ ಹೊರೆ ಹಚ್ಚಿ ಕೆಲವು ಗಂಟೆ ದುಡಿಸು, ಇಲ್ಲವೇ ಎರಡು ಸೆಟ್ಟಿನ ಹೊರೆಯನ್ನು ಒಂದಕ್ಕೇ ಹೊರಿಸು.

ನಿನ್ನ ಮಲ್ಟಿಮೀಟರ್ ಬ್ಯಾಗಿಗೆ ಹಾಕಿಕೋ, ಹೋದ ದಿನ ಸಂಜೆ ಸ್ನಾನಕ್ಕೆ ಇಳಿಯುವ ಮೊದಲು ನಲ್ಲಿಗೂ ಅರ್ತಿಗೂ ನಡುವೆ ಎಷ್ಟು ವೋಲ್ಟ್ ತೋರಿಸುತ್ತದೆ ನೋಡಿ ಮೆಸೇಜ್ ಮಾಡು.

ಅಪ್ಪ