ಕಡಲಬ್ಬರದ ದಿನಗಳ ಕುರಿತು ರಕ್ಷಕರಿಗೆ ಪತ್ರ

ಮಾನ್ಯ ರಕ್ಷಕರಿಗೆ ವಂದನೆಗಳು.

ಜೂನ್ ತಿಂಗಳಲ್ಲಿ ಶಾಲೆ ಆರಂಭವಾಗುವ ಹೊತ್ತಿಗೇ ನಮ್ಮ ಕಾಸರಗೋಡಿನ ತೀರದಲ್ಲಿ ಕಡಲಬ್ಬರವೂ ಆರಂಭವಾಗುತ್ತದೆ. ಉಪ್ಪಳದ ಮುಸೋಡಿ, ಕುಂಬಳೆಯ ಕೊಯಿಪ್ಪಾಡಿ ಮೊದಲಾದ ಕಡೆಗಳಲ್ಲಿ ಕಡಲ್ಕೊರೆತದ ಕಷ್ಟವನ್ನು ಉಂಡವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಆದರೆ ಆಕಾಶ ತಿಳಿಯಾಗಿದೆಯೆಂದು ಕಡಲನ್ನು ನಂಬಿ ಮಕ್ಕಳನ್ನು ತೀರದ ದಾರಿಯಲ್ಲಿ ಕಳುಹಿಸಬೇಡಿರೆಂದು ಈ ಪತ್ರದ ಮೂಲಕ ವಿನಂತಿಸುತ್ತೇನೆ.

2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನೆಲಕ್ಕೆ ಅಪ್ಪಳಿಸಿದ್ದು ದೂರದ ಗುಜರಾತಿನಲ್ಲಿ. ಆದರೂ ಅದು ಅರಬ್ಬಿ ಸಮುದ್ರದಲ್ಲಿ ಸಾಗುತ್ತಿದ್ದಾಗಲೇ ಅದರ ಅಲೆಗಳು ಕಾಸರಗೋಡಿನ ತೀರದ ಮನೆಗಳನ್ನು ಕೆಡವಿದವು. ಚಂಡಮಾರುತದ ನಡುವೆ ವಾಯುಭಾರ ಕುಸಿದಾಗ, ಪ್ರತಿ ಮಿಲಿಬಾರ್ ಇಳಿಕೆಗೆ ಸಮುದ್ರಮಟ್ಟ ಸುಮಾರು 1 ಸೆಂಟಿಮೀಟರ್ ಏರುತ್ತದೆ. ಅದಕ್ಕಿಂತ ಹೆಚ್ಚು ನೀರನ್ನು ಬಿರುಗಾಳಿಯೇ ದಡದತ್ತ ನೂಕುತ್ತದೆ. ಹುಣ್ಣಿಮೆ ಅಥವಾ ಅಮಾವಾಸ್ಯೆಯ ದೊಡ್ಡ ಉಬ್ಬರ ಇದರೊಡನೆ ಕೂಡಿದರೆ ಅಳಿವೆಯಲ್ಲಿ ಹೊಳೆಯ ನೀರಿಗೆ ಹೊರಹೋಗಲು ದಾರಿಯಿಲ್ಲದೆ, ಕಡಲು ಕಾಣದಷ್ಟು ಒಳಗಿರುವ ತಗ್ಗಿನ ಅಂಗಳಗಳಿಗೂ ನೆರೆ ನುಗ್ಗುತ್ತದೆ, ಬಾವಿಗಳು ಉಪ್ಪಾಗುತ್ತವೆ.

ಮಲಯಾಳದಲ್ಲಿ ‘ಕಳ್ಳಕ್ಕಡಲ್’ ಎನ್ನುವ ಅಬ್ಬರಕ್ಕಂತೂ ಇಲ್ಲಿ ಮಳೆಗಾಳಿಯೇ ಬೇಕಾಗಿಲ್ಲ. ಹಿಂದೂ ಮಹಾಸಾಗರದ ದಕ್ಷಿಣ ತುದಿಯ ಬಿರುಗಾಳಿಗಳು ಎಬ್ಬಿಸಿದ ಉದ್ದನೆಯ ಅಲೆಗಳು ಸಾವಿರಾರು ಕಿಲೋಮೀಟರ್ ದಾಟಿ ಬಂದು ದಡ ಮೀರುತ್ತವೆ. 2024ರ ಮಾರ್ಚ್ 31ರಂದು ಕೇರಳದ ಹಲವು ತೀರಗಳಲ್ಲಿ ನೀರು ಮನೆಗಳಿಗೆ ನುಗ್ಗಿದ್ದು ಹೀಗೆಯೇ. ಆದ್ದರಿಂದ ಕಡಲಿನ ಸ್ಥಿತಿಯ ಮುನ್ಸೂಚನೆ ನೀಡುವ ಹೈದರಾಬಾದಿನ ಸರಕಾರಿ ಸಂಸ್ಥೆ ಇನ್ಕಾಯಿಸ್ ಅಲೆಗಳ ಮುನ್ನೆಚ್ಚರಿಕೆ ನೀಡಿದ ದಿನ, ಬಿಸಿಲಿದ್ದರೂ ಅದನ್ನು ಪಾಲಿಸಬೇಕು.

ಇಂಥ ಸೂಚನೆಗಳು ಹೆಚ್ಚಾಗಿ ಮಲಯಾಳದಲ್ಲೇ ಬರುವುದರಿಂದ ನಮ್ಮ ಹಲವು ಮನೆಗಳಲ್ಲಿ ಹಿರಿಯರಿಗೆ ಅರ್ಥವಾಗುವುದಿಲ್ಲ. ಪ್ರಾಣದ ವಿಷಯದಲ್ಲಿ ಭಾಷೆ ಅಡ್ಡಿಯಾಗಕೂಡದು. ತರಗತಿಯ ವಾಟ್ಸಾಪ್ ಗುಂಪುಗಳಲ್ಲಿ ಅವುಗಳನ್ನು ಕನ್ನಡದಲ್ಲಿ ಕಳುಹಿಸಲು ಅಧ್ಯಾಪಕರು ಒಪ್ಪಿದ್ದಾರೆ. ರಜೆಯನ್ನು ಜಿಲ್ಲಾಧಿಕಾರಿಗಳು ಘೋಷಿಸಿದರೆ ಮಾತ್ರ ನಂಬಿರಿ. ಶಾಲೆ ನಡೆಯುತ್ತಿರುವಾಗ ಕಡಲು ಏರಿದರೆ ತೀರದ ಮಕ್ಕಳನ್ನು ಒಂಟಿಯಾಗಿ ಬಿಡದೆ, ನೀವು ಬರುವವರೆಗೆ, ರಾತ್ರಿಯಾದರೂ ಸರಿ, ಶಾಲೆಯಲ್ಲೇ ಉಳಿಸಿಕೊಳ್ಳುತ್ತೇವೆ.

ಅಲೆ ನೋಡಲೆಂದು ಕಲ್ಲಿನ ತಡೆಗೋಡೆ ಹತ್ತುವ ಹುಡುಗರನ್ನು ದಯವಿಟ್ಟು ಮನೆಯಲ್ಲೇ ತಡೆಯಿರಿ. ರೇಷನ್ ಕಾರ್ಡ್, ಆಧಾರ್, ಮಕ್ಕಳ ಪ್ರಮಾಣಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎತ್ತರದಲ್ಲಿಡಿ. ಪಠ್ಯಪುಸ್ತಕ, ಸಮವಸ್ತ್ರ ನೀರುಪಾಲಾದರೆ ಸಂಕೋಚಪಡದೆ ನನಗೆ ತಿಳಿಸಿ. ಆ ಕಾರಣಕ್ಕೆ ಯಾವ ಮಗುವೂ ಶಾಲೆ ತಪ್ಪಿಸಬಾರದು. ತುರ್ತು ಸಹಾಯಕ್ಕೆ 1077 ಅಥವಾ 112ಕ್ಕೆ ಕರೆ ಮಾಡಬಹುದು.

ಮಗುವನ್ನು ಕರೆದೊಯ್ಯಲು ಬರುವವರ ಹೆಸರು ಹಾಗೂ ದೂರವಾಣಿ ಸಂಖ್ಯೆಯನ್ನು ಇದರೊಂದಿಗಿರುವ ಚೀಟಿಯಲ್ಲಿ ಬರೆದು, ಶಾಲೆ ತೆರೆದ ಮೊದಲ ವಾರದಲ್ಲೇ ತರಗತಿ ಅಧ್ಯಾಪಕರಿಗೆ ತಲುಪಿಸಬೇಕಾಗಿ ಕೋರುತ್ತೇನೆ.

ಇತಿ,
ಮುಖ್ಯೋಪಾಧ್ಯಾಯಿನಿ